ಹಳೆಯ ಮರದ ಕನೂ ಮಾಡಿದ್ದು ಯಾರು? ಗುರುತು ಹಚ್ಚುವ ಕೈಪಿಡಿ

ಅಮೆರಿಕದ ಮೇನ್, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್, ಕೆನಡಾದ ಒಂಟಾರಿಯೋ ಕಡೆ ಹಳೆ ಮನೆ ಕೊಂಡ ನಮ್ಮವರಿಗೆ ಗರಾಜಿನ ಸೂರಿನಲ್ಲಿ ಮರದ ಕನೂ, ಅಂದರೆ ಎರಡೂ ತುದಿ ಚೂಪಾದ, ಹುಟ್ಟು ಹಾಕಿ ನಡೆಸುವ ಹಗುರ ದೋಣಿ, ನೇತಾಡುತ್ತಿರುವುದು ಕಂಡರೆ ಆಶ್ಚರ್ಯವೇನಿಲ್ಲ. ಯಾರ್ಡ್ ಸೇಲಿನಲ್ಲಿ ಚೌಕಾಸಿ ಮಾಡಿ ತಂದವರೂ ಇದ್ದಾರೆ. ಮನೆಗೆ ಬಂದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇದನ್ನು ಮಾಡಿದವರು ಯಾರು?

ಹೆಚ್ಚಿನವರು ಮೊದಲು ಹೆಸರಿನ ಫಲಕ ಹುಡುಕುತ್ತಾರೆ. ಸಿಗದಿದ್ದರೆ ಸ್ಯಾಂಡ್‌ಪೇಪರ್ ಹಿಡಿದು ಕೂರುತ್ತಾರೆ. ಎರಡೂ ಬೇಡ. ಫಲಕ ಕಳಚಿ ಬೀಳುತ್ತದೆ, ಸ್ಟಿಕ್ಕರ್ ಹೊಸದಾಗಿ ಅಂಟಿಸಿದ್ದಿರಬಹುದು. ಮರದಲ್ಲಿ ಒತ್ತಿದ ಅಂಕಿಯನ್ನು, ಮರ ಜೋಡಿಸಿದ ರೀತಿಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಬದಲಾಯಿಸಲು ಹೋಗುವುದಿಲ್ಲ. ನಂಬಬೇಕಾದ್ದು ಅವನ್ನೇ.

ಮುಂದೆ ಪದೇ ಪದೇ ಬರುವ ನಾಲ್ಕು ಹೆಸರು ಮೊದಲೇ ಹೇಳಿಬಿಡುತ್ತೇನೆ. ದೋಣಿಯ ಎರಡು ತುದಿಯಲ್ಲಿ ಮೇಲೆ ಕೂತಿರುವ ತ್ರಿಕೋನದ ಮರವೇ ಡೆಕ್. ತುದಿಯಲ್ಲಿ ಬಾಗಿ ಇಳಿದು ಒಳಗಿನ ತಳಕ್ಕೆ ಚಾಚಿಕೊಂಡಿರುವ ಗಟ್ಟಿ ಮರ ಸ್ಟೆಮ್. ಮೇಲಂಚಿನಲ್ಲಿ ಉದ್ದಕ್ಕೂ ಓಡುವ ಪಟ್ಟಿಯನ್ನು ಅಲ್ಲಿನವರು ಗನಲ್ ಅನ್ನುತ್ತಾರೆ. ಒಳಗೆ ಅಡ್ಡಡ್ಡ ಬಾಗಿರುವ ಪಟ್ಟಿಗಳು ಪಕ್ಕೆಗಳು.

ಮುಟ್ಟುವ ಮುನ್ನ

ಹಳೆ ಕನೂಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣ ನಿಷೇಧವಾದದ್ದೇ 1978ರಲ್ಲಿ. ಹೆಚ್ಚಿನ ಕನೂಗಳ ಮರದ ಮೈಗೆ ಹೊರಗಿನಿಂದ ಕ್ಯಾನ್ವಾಸ್ ಬಟ್ಟೆ ಹೊದಿಸಿರುತ್ತಾರೆ; ಬಣ್ಣದ ಕೆಳಗೆ ಅದರ ನೇಯ್ಗೆ ಮುಚ್ಚಲು ಬಳಿಯುತ್ತಿದ್ದ ಪುಟ್ಟಿಯಲ್ಲೂ ಬಿಳಿ ಸೀಸ ಬೆರೆಸುತ್ತಿದ್ದರು. ಒಣಗಿದ್ದಾಗ ಉಜ್ಜಿದರೆ ಆ ಪುಡಿ ಸೀದಾ ಉಸಿರಿಗೆ ಹೋಗುತ್ತದೆ. ಮಕ್ಕಳು, ಬಸುರಿ ಹೆಂಗಸರು ಇರುವ ಮನೆಯಲ್ಲಂತೂ ಈ ಕೆಲಸ ಗರಾಜಿನ ಒಳಗೆ ಬೇಡವೇ ಬೇಡ. ಅಂಗಡಿಯಲ್ಲಿ ಸಿಗುವ ಸೀಸದ ಪರೀಕ್ಷೆಯ ಕಿಟ್ ಅಗ್ಗದ್ದು, ಮೊದಲು ಅದನ್ನು ತನ್ನಿ.

ಸೂರಿನಿಂದ ಇಳಿಸುವಾಗ ಇಬ್ಬರಿರಲಿ. ಹಳೆ ಹಗ್ಗ, ತುಕ್ಕು ಹಿಡಿದ ಕೊಕ್ಕೆ ನಂಬಬೇಡಿ. ನೀರಿಗಂತೂ ಈಗಲೇ ಇಳಿಸಬೇಡಿ. ಕ್ಯಾನ್ವಾಸ್ ಒಳಗೇ ಕೊಳೆತಿದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ.

ಲಕ್ಷಣ: ಡೆಕ್ ಮೇಲೆ ಹೆಸರು ಚೆನ್ನಾಗಿಯೇ ಕಾಣುತ್ತದೆ

ಹಾಗಾದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಪ್ರಸಿದ್ಧ ಕಂಪನಿಗಳ ಹಳೆ ಸ್ಟಿಕ್ಕರುಗಳ ನಕಲು ಇವತ್ತಿಗೂ ಮಾರಾಟಕ್ಕಿವೆ. ದುರಸ್ತಿ ಮಾಡಿದವರು ಚಂದಕ್ಕೆ ಅಂಟಿಸುವುದು ಮಾಮೂಲು, ಅದರಲ್ಲಿ ಮೋಸದ ಉದ್ದೇಶವೇನೂ ಇರಬೇಕಾಗಿಲ್ಲ. ಡೆಕ್ಕಿನ ವಾರ್ನಿಷ್ ಕಪ್ಪಾಗಿ ಬಿರುಕು ಬಿಟ್ಟಿದ್ದು, ಸ್ಟಿಕ್ಕರ್ ಮಾತ್ರ ನಿನ್ನೆ ತಂದಂತಿದ್ದರೆ ಅನುಮಾನಿಸಿ.

ಲೋಹದ ಫಲಕ ಇದ್ದರೆ ಇನ್ನೊಂದು ತೊಡಕು. ಅದು ತಯಾರಕರದ್ದೋ, ಮಾರಿದ ಅಂಗಡಿಯದ್ದೋ? ದೊಡ್ಡ ಊರಿನ ಕ್ರೀಡಾ ಸಾಮಗ್ರಿ ಅಂಗಡಿಗಳು ಮೇನ್‌ನಿಂದ ದೋಣಿ ತರಿಸಿ ತಮ್ಮ ಫಲಕ ಬಡಿದು ಮಾರುತ್ತಿದ್ದವು. ಫಲಕದ ಊರು ಬಾಸ್ಟನ್ನೋ ನ್ಯೂಯಾರ್ಕೋ ಆಗಿದ್ದರೆ ಮುಂದಿನ ಪರೀಕ್ಷೆಗೆ ಹೋಗಿ.

ಹೊರಮೈಯಲ್ಲಿ ದೊಡ್ಡದಾಗಿ ಬರೆದ ಅಂಕಿಯನ್ನು ಮರೆತುಬಿಡಿ. ಅದು ಬೇಸಿಗೆ ಶಿಬಿರದ್ದೋ, ಬಾಡಿಗೆ ಅಂಗಡಿಯದ್ದೋ, ರಾಜ್ಯದ ನೋಂದಣಿಯದ್ದೋ ಆಗಿರುತ್ತದೆ. ಆದರೆ ಹೊರಮೈಯಲ್ಲಿ ಅಕ್ಷರ ಅಂಕಿ ಬೆರೆತ 12 ಸ್ಥಾನದ ಸಂಖ್ಯೆ ಇದ್ದರೆ ಮಾತ್ರ ಬರೆದಿಟ್ಟುಕೊಳ್ಳಿ. ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ಅದು ಕಡ್ಡಾಯವಾಯಿತು. ಮೊದಲ ಮೂರು ಅಕ್ಷರ ತಯಾರಕರ ಗುರುತು. ಎಕ್ಸ್‌ಟಿಸಿ (XTC) ಇದ್ದರೆ ಮೇನ್‌ನ ಓಲ್ಡ್ ಟೌನ್ ಕಂಪನಿ. ಅಂಥ ದೋಣಿಯನ್ನು ಪುರಾತನ ಅಂತ ಮಾರಲು ಬಂದರೆ ನಕ್ಕು ಕಳಿಸಿ.

ಲಕ್ಷಣ: ಸ್ಟೆಮ್ ಮೇಲೆ ಏನೋ ಅಂಕಿ ಇದೆ, ಓದಲು ಆಗುತ್ತಿಲ್ಲ

ಇಡೀ ಹುಡುಕಾಟದಲ್ಲಿ ನಿಮಗೆ ಸಿಗಬಹುದಾದ ಒಳ್ಳೆಯ ಸುದ್ದಿ ಇದೇ. ಇಲ್ಲಿ ಅವಸರ ಬೇಡ.

ದೋಣಿಯನ್ನು ನೆಟ್ಟಗಿಟ್ಟು ಒಂದು ತುದಿಯಲ್ಲಿ ಮಂಡಿಯೂರಿ. ಡೆಕ್ಕಿನ ಕೆಳಗೆ ತಲೆ ತಗ್ಗಿಸಿ ತಳ ನೋಡಿ. ಸುಮಾರು ಒಂದು ಇಂಚು ಅಗಲದ ಮರದ ನಾಲಿಗೆ ತುದಿಯಿಂದ ಒಳಕ್ಕೆ ಚಾಚಿ ಪಕ್ಕೆಗಳ ಕೆಳಗೆ ಮಾಯವಾಗುತ್ತದೆ. ಅದೇ ಸ್ಟೆಮ್. ಅದರ ಮೇಲ್ಮೈಯಲ್ಲಿ ಅಂಕಿಯನ್ನು ಉಕ್ಕಿನ ಅಚ್ಚಿನಿಂದ ಒತ್ತಿರುತ್ತಾರೆ. ಎಷ್ಟೋ ವರ್ಷದ ವಾರ್ನಿಷ್, ಮರಳು, ಪೈನ್ ಎಲೆ, ಇಲಿ ಹಿಕ್ಕೆ ಎಲ್ಲ ಸೇರಿ ಅದನ್ನು ಮುಚ್ಚಿರುತ್ತವೆ. ಇಲಿ ಹಿಕ್ಕೆ ಕಂಡರೆ ಗುಡಿಸಬೇಡಿ. ಸೋಂಕುನಾಶಕ ಚಿಮುಕಿಸಿ, ನೆನೆದ ಮೇಲೆ ಗ್ಲೌಸ್ ಹಾಕಿ ಒರೆಸಿ ತೆಗೆಯಿರಿ.

ಮೊದಲ ಸಾಧನ ಟಾರ್ಚ್. ನೇರವಾಗಿ ಬೆಳಕು ಬಿಟ್ಟರೆ ಏನೂ ಕಾಣದು. ಟಾರ್ಚನ್ನು ಮರಕ್ಕೆ ಒರಗಿಸಿದಂತೆ ಪಕ್ಕದಿಂದ ಹಿಡಿಯಿರಿ. ತಗ್ಗಿನಲ್ಲಿ ನೆರಳು ಬಿದ್ದು ಅಂಕಿ ತಾನಾಗಿ ಎದ್ದು ಬರುತ್ತದೆ. ಬೆಳಕಿನ ದಿಕ್ಕು ಬದಲಿಸುತ್ತಾ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಂದು ದಿಕ್ಕಿನಲ್ಲಿ 3 ಆಗಿ ಕಂಡದ್ದು ಇನ್ನೊಂದರಲ್ಲಿ 8 ಆಗಿರುತ್ತದೆ.

ಆಗಲೂ ಕಾಣದಿದ್ದರೆ ತೆಳ್ಳನೆ ಕಾಗದ ಇಟ್ಟು ಮೆತ್ತನೆ ಪೆನ್ಸಿಲ್ ಅಡ್ಡಡ್ಡ ಆಡಿಸಿ. ಅಥವಾ ಸೀಮೆಸುಣ್ಣದ ಪುಡಿ ಉದುರಿಸಿ ಬೆರಳಲ್ಲಿ ಒರೆಸಿ, ತಗ್ಗಿನಲ್ಲಿ ಬಿಳಿ ಉಳಿಯುತ್ತದೆ. ದಪ್ಪ ಬಣ್ಣ ಕೂತಿದ್ದರೆ ಮಾತ್ರ ಬಣ್ಣ ಕರಗಿಸುವ ದ್ರಾವಣ ಸ್ವಲ್ಪವೇ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೃದುವಾಗಿ ತೆಗೆಯಿರಿ. ಇದನ್ನು ಬಯಲಲ್ಲಿ, ಗ್ಲೌಸ್ ಹಾಕಿಕೊಂಡು ಮಾಡಿ. ತಂತಿಯ ಬ್ರಷ್, ಸ್ಕ್ರೇಪರ್, ಸ್ಯಾಂಡ್‌ಪೇಪರ್ ಯಾವುದೂ ಬೇಡ. ಅಂಕಿ ಒತ್ತಿರುವ ಆಳವೇ ಅಷ್ಟಕ್ಕಷ್ಟೆ. ಎರಡು ಸಲ ಜೋರಾಗಿ ಉಜ್ಜಿದರೆ ದೋಣಿಯ ಹೆಸರು ಪುಡಿಯಾಗಿ ನೆಲಕ್ಕೆ ಬೀಳುತ್ತದೆ, ಅದನ್ನು ಮತ್ತೆ ಅಂಟಿಸಲು ಆಗುವುದಿಲ್ಲ.

ಒಂದು ತುದಿ ಕೊಳೆತಿದ್ದರೆ ಇನ್ನೊಂದು ತುದಿಗೆ ಹೋಗಿ. ಓಲ್ಡ್ ಟೌನ್‌ನವರು ಎರಡೂ ಸ್ಟೆಮ್ ಮೇಲೆ ಅದೇ ಸಂಖ್ಯೆ ಒತ್ತುತ್ತಿದ್ದರು. ಎರಡೂ ಕಡೆ ಅರ್ಧಂಬರ್ಧ ಉಳಿದಿದ್ದರೆ ಜೋಡಿಸಿ ಓದಿ.

ಈಗ ಅಂಕಿ ನೋಡಿ. ಐದೋ ಆರೋ ಅಂಕಿ, ಆಮೇಲೆ ಸ್ವಲ್ಪ ಜಾಗ, ನಂತರ 15, 16, 17, 18ರಲ್ಲಿ ಒಂದು ಇದ್ದರೆ ಓಲ್ಡ್ ಟೌನ್ ಆಗಿರುವ ಸಾಧ್ಯತೆ ತುಂಬಾ. ಕೊನೆಯದು ಅಡಿಗಳಲ್ಲಿ ದೋಣಿಯ ಉದ್ದ. ಟೇಪ್ ಹಿಡಿದು ತುದಿಯಿಂದ ತುದಿಗೆ ಅಳೆಯಿರಿ. ಉದ್ದ ತಾಳೆಯಾದರೆ ಓದಿದ್ದು ಬಹುಪಾಲು ಸರಿ.

ಲಕ್ಷಣ: ಅಂಕಿ ಸಿಕ್ಕಿತು, ಆದರೆ ದಾಖಲೆ ದೋಣಿಗೆ ಹೊಂದುತ್ತಿಲ್ಲ

ಓಲ್ಡ್ ಟೌನ್ ಕನೂ ಕಂಪನಿ ಇದ್ದದ್ದು ಅದೇ ಹೆಸರಿನ ಊರಲ್ಲಿ, ಮೇನ್ ರಾಜ್ಯದ ಪೆನಾಬ್‌ಸ್ಕಾಟ್ ನದಿ ದಂಡೆಯಲ್ಲಿ. 20ನೇ ಶತಮಾನದ ಮೊದಲ ವರ್ಷಗಳಿಂದ ಅವರು ಪ್ರತಿ ದೋಣಿಗೂ ಒಂದು ಕಾರ್ಡ್ ಬರೆದಿಡುತ್ತಿದ್ದರು. ಅದು ದೋಣಿಯ ಜಾತಕವೇ ಸರಿ. ಮಾದರಿ, ದರ್ಜೆ, ಯಾವ ಮರ, ಯಾವ ಬಣ್ಣ, ಹಲಗೆ ಬಡಿದ ದಿನ, ಪುಟ್ಟಿ ಹಚ್ಚಿದ ದಿನ, ವಾರ್ನಿಷ್ ಮಾಡಿದ ದಿನ, ಯಾವ ಊರಿಗೆ ರವಾನೆಯಾಯಿತು ಎಲ್ಲ ಅದರಲ್ಲಿರುತ್ತದೆ. ಇಂಥ ಎರಡು ಲಕ್ಷಕ್ಕೂ ಹೆಚ್ಚು ಕಾರ್ಡ್‌ಗಳನ್ನು ವುಡನ್ ಕನೂ ಹೆರಿಟೇಜ್ ಅಸೋಸಿಯೇಷನ್‌ನ ಸ್ವಯಂಸೇವಕರು ಸ್ಕ್ಯಾನ್ ಮಾಡಿಟ್ಟಿದ್ದಾರೆ. 1979ರಲ್ಲಿ ಶುರುವಾದ ಸಂಘ ಅದು. ಸಂಖ್ಯೆ ಕೊಟ್ಟು ಕೇಳಿದರೆ ಹುಡುಕಿ ಕೊಡುತ್ತಾರೆ.

ಬಂದ ಕಾರ್ಡಿನಲ್ಲಿ 18 ಅಡಿಯ ಹಸಿರು ದೋಣಿ ಅಂತಿದೆ, ನಿಮ್ಮದು 16 ಅಡಿ. ಹೀಗಾದರೆ ಮೊದಲು ಅಂಕಿಯನ್ನೇ ಅನುಮಾನಿಸಿ. 3 ಮತ್ತು 8, 1 ಮತ್ತು 7, 6 ಮತ್ತು 0 ಅದಲು ಬದಲಾಗುವುದು ತೀರಾ ಸಾಮಾನ್ಯ. ಒಂದೊಂದೇ ಬದಲಿಸಿ ಮತ್ತೆ ಕೇಳಿ.

ಅಂಕಿ ಖಂಡಿತ ಸರಿ ಅನ್ನಿಸಿದರೆ ಕಂಪನಿಯೇ ಬೇರೆ ಇರಬಹುದು. ಮೇನ್‌ನ ವಾಟರ್‌ವಿಲ್‌ನಲ್ಲಿದ್ದ ಕೆನೆಬೆಕ್ ಕೂಡ ಸ್ಟೆಮ್ ಮೇಲೆ ಅಂಕಿ ಒತ್ತುತ್ತಿತ್ತು. ಓಲ್ಡ್ ಟೌನ್ ಊರಿನಲ್ಲೇ ಇದ್ದ ಕಾರ್ಲ್‌ಟನ್ ಕೂಡ. ಇವೆರಡರ ದಾಖಲೆಗಳಲ್ಲೂ ಒಂದಿಷ್ಟು ಉಳಿದಿವೆ, ಅದೇ ಸಂಘದವರು ಅಲ್ಲೂ ನೋಡಬಲ್ಲರು. ಒಂದೇ ಸಂಖ್ಯೆ ಮೂರು ಕಡೆ ಸಿಕ್ಕರೆ ಉದ್ದ, ಡೆಕ್ಕಿನ ಮರ, ಕುಳಿತುಕೊಳ್ಳುವ ಸೀಟು, ಗನಲ್ ಬಗೆ ಹೋಲಿಸಿ ಯಾವುದು ಕೂರುತ್ತದೆ ನೋಡಿ. ಕಾರ್ಲ್‌ಟನ್ ವಿಷಯದಲ್ಲಿ ಇನ್ನೊಂದು ಗೋಜಲು ಇದೆ. 1910ರಲ್ಲಿ ಅದನ್ನು ಓಲ್ಡ್ ಟೌನ್ ಕಂಪನಿ ಕೊಂಡಿತು. ಆಮೇಲಿನ ಕಾರ್ಲ್‌ಟನ್ ದೋಣಿಗಳು ಓಲ್ಡ್ ಟೌನ್ ದೋಣಿಯ ಅಣ್ಣತಮ್ಮಂದಿರಂತೆಯೇ ಕಾಣುತ್ತವೆ.

ಬಣ್ಣ ಹೊಂದದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬಣ್ಣವನ್ನು ಯಾರು ಬೇಕಾದರೂ ಬದಲಿಸುತ್ತಾರೆ.

ಲಕ್ಷಣ: ಸ್ಟೆಮ್ ಮೇಲೆ ಅಂಕಿಯೇ ಇಲ್ಲ

ಸ್ಟೆಮ್ಮಿನ ಅಗಲ ನೋಡಿ. ತಳಕ್ಕೆ ಇಳಿಯುವ ಕಡೆ ಅದು ಕಿರಿದಾಗಿಯೇ ಉಳಿಯದೆ ಬಾತುಕೋಳಿಯ ಕೊಕ್ಕಿನ ಹಾಗೆ ಅಗಲವಾಗಿದ್ದರೆ ಮೊದಲು ನೆನಪಾಗಬೇಕಾದ ಹೆಸರು ಬಿ. ಎನ್. ಮೋರಿಸ್. ಮೇನ್‌ನ ವೀಜಿ ಊರಿನವರು. ಅವರ ಸಂಖ್ಯೆ ಸ್ಟೆಮ್ ಮೇಲಿರುವುದಿಲ್ಲ. ಮುಂತುದಿಯ ಎಡಗಡೆ, ಗನಲ್ಲಿನ ಒಳಪಟ್ಟಿಗೆ ಬಡಿದ ಪುಟ್ಟ ಹಿತ್ತಾಳೆ ಬಿಲ್ಲೆಯಲ್ಲಿರುತ್ತದೆ. ಬಿಲ್ಲೆ ಹೋಗಿದ್ದರೆ ಆ ಜಾಗದಲ್ಲಿ ಬೆರಳಾಡಿಸಿ. ಎರಡು ಸಣ್ಣ ಮೊಳೆ ತೂತು ಸಿಕ್ಕರೂ ಅದು ಸಾಕ್ಷಿಯೇ. ಹೃದಯದ ಆಕಾರದ ಡೆಕ್, ಪಕ್ಕೆಗಳ ತುದಿ ಒಳಪಟ್ಟಿಯ ಗೂಡುಗಳಲ್ಲಿ ಕೂತಿರುವುದು, ಇವೂ ಜೊತೆಗಿದ್ದರೆ ಬಹುತೇಕ ಖಚಿತ. ಮೋರಿಸ್ ಕಾರ್ಖಾನೆ 1919ರಲ್ಲಿ ಸುಟ್ಟುಹೋಯಿತು. ಓಲ್ಡ್ ಟೌನ್‌ನಂಥ ಕಾರ್ಡ್ ಇಲ್ಲಿ ಸಿಗದು, ಉಳಿದಿರುವ ದೋಣಿಗಳ ಸಂಖ್ಯೆಗಳನ್ನು ಹೋಲಿಸಿ ವರ್ಷವನ್ನು ಅಂದಾಜು ಮಾಡುತ್ತಾರೆ.

ಬಿಲ್ಲೆಯೂ ಇಲ್ಲ, ಅಗಲ ಸ್ಟೆಮ್ಮೂ ಇಲ್ಲ ಅಂದರೆ ಕೆನಡಾ ಕಡೆ ನೋಡಿ. ನ್ಯೂ ಬ್ರನ್ಸ್‌ವಿಕ್‌ನ ಫ್ರೆಡರಿಕ್ಟನ್‌ನಲ್ಲಿದ್ದ ಚೆಸ್ಟ್‌ನಟ್, ಒಂಟಾರಿಯೋದ ಪೀಟರ್‌ಬರೋ, ಇವುಗಳ ದೋಣಿಗಳಲ್ಲಿ ಅಂಕಿ ಸಿಕ್ಕರೂ ಅದು ಆ ಒಂದು ದೋಣಿಯದ್ದೇ ಆಗಿರಬೇಕಿಲ್ಲ, ಮಾದರಿಯ ಸಂಖ್ಯೆಯೂ ಆಗಿರಬಹುದು. ಅದೇ ಅಂಕಿ ನೂರು ದೋಣಿ ಮೇಲಿದ್ದರೂ ಗಾಬರಿಯಾಗಬೇಡಿ. 1923ರಲ್ಲಿ ಈ ಎರಡು ಕಂಪನಿಗಳು ಕೆನೇಡಿಯನ್ ವಾಟರ್‌ಕ್ರಾಫ್ಟ್ ಅನ್ನುವ ಒಂದೇ ಕೊಡೆ ಕೆಳಗೆ ಬಂದವು. ಆಮೇಲಿನ ದೋಣಿಗಳಲ್ಲಿ ಇದು ಚೆಸ್ಟ್‌ನಟ್ಟೇ, ಅದು ಪೀಟರ್‌ಬರೋನೇ ಅಂತ ಹಟ ಹಿಡಿದು ವಾದ ಮಾಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಕೆನಡಾ ದೋಣಿಗೆ ಒಂದು ಪುಕ್ಕಟೆ ಸುಳಿವು ಸ್ಕ್ರೂ. ತಲೆಯಲ್ಲಿ ಚೌಕದ ತೂತಿದ್ದರೆ ಅದು ರಾಬರ್ಟ್‌ಸನ್ ಸ್ಕ್ರೂ, ಒಂಟಾರಿಯೋದ ಮಿಲ್ಟನ್‌ನಲ್ಲಿ ತಯಾರಾಗಿ ಅಲ್ಲಿ ಮನೆಮಾತಾದದ್ದು. ಹಾಗಂತ ಒಂದೇ ಸ್ಕ್ರೂ ನೋಡಿ ತೀರ್ಮಾನ ಬೇಡ, ಅದು ರಿಪೇರಿಯವರದ್ದೂ ಆಗಿರಬಹುದು. ಎಲ್ಲ ಕಡೆ ಅದೇ ಬಗೆ ಇದೆಯಾ ನೋಡಿ. ಸೀಟಿಗೆ ಬೆತ್ತದ ಬದಲು ಹಸಿ ತೊಗಲಿನ ದಾರದ ನೇಯ್ಗೆ ಇದ್ದರೆ ಅದೂ ಅದೇ ಕಡೆ ಬೆರಳು ತೋರಿಸುತ್ತದೆ.

ಲಕ್ಷಣ: ಕ್ಯಾನ್ವಾಸೇ ಇಲ್ಲ, ಬರೀ ಮರ

ಒಳಗೆ ಕೈಯಾಡಿಸಿ. ಕ್ಯಾನ್ವಾಸ್ ದೋಣಿಯ ಪಕ್ಕೆ ಚಪ್ಪಟೆ, ಸಾಮಾನ್ಯವಾಗಿ ಎರಡು ಇಂಚಿಗೂ ಮಿಗಿಲು ಅಗಲ. ಇಲ್ಲಿ ಪಕ್ಕೆಗಳು ಸಣ್ಣ, ಅರ್ಧ ದುಂಡಗೆ, ಹತ್ತಿರ ಹತ್ತಿರ ಇದ್ದರೆ ಅದು ಬೇರೆಯದೇ ಪರಂಪರೆ. ಹೊರಗೆ ಕಿರಿದಾದ ಸೀಡರ್ ಪಟ್ಟಿಗಳು ಉದ್ದುದ್ದ ನುಣ್ಣಗೆ ಕೂಡಿದ್ದರೆ, ಇಲ್ಲವೇ ಅಗಲ ಹಲಗೆಗಳಿದ್ದು ಕೀಲುಗಳ ಮೇಲೆ ಒಳಗಿನಿಂದ ಪಟ್ಟಿ ಬಡಿದಿದ್ದರೆ ಪೀಟರ್‌ಬರೋ, ಲೇಕ್‌ಫೀಲ್ಡ್ ಸುತ್ತಲಿನ ಕೆಲಸ. ಹಲಗೆಗಳ ಅಂಚು ಒಂದರ ಮೇಲೊಂದು ಏರಿದ್ದರೆ ನ್ಯೂಯಾರ್ಕ್ ರಾಜ್ಯದ ಕ್ಯಾಂಟನ್ ಊರಿನ ಜೆ. ಎಚ್. ರಶ್ಟನ್ ಹೆಸರನ್ನು ಪರಿಗಣಿಸಲೇಬೇಕು. 1883ರಲ್ಲಿ ಅವರು ಮಾಡಿದ ಸೇರಿ ಗ್ಯಾಂಪ್ ಅನ್ನುವ ಕನೂ ಹತ್ತೂವರೆ ಪೌಂಡ್, ಅಂದರೆ ಐದು ಕಿಲೋ ಕೂಡ ಇರಲಿಲ್ಲ. ಆದರೆ ಆ ಶೈಲಿಯಲ್ಲಿ ಮಾಡಿದವರು ಇನ್ನೂ ಇದ್ದರು. ಫಲಕ ಇಲ್ಲದೆ ರಶ್ಟನ್ ಅಂತ ಜಾಹೀರಾತು ಹಾಕುವವರಿಗೆ ದುಡ್ಡು ಕೊಡುವ ಮುನ್ನ ತಿಳಿದವರಿಗೆ ತೋರಿಸಿ.

ಲಕ್ಷಣ: ಡೆಕ್ ವಿಪರೀತ ಉದ್ದ

ಸಾಮಾನ್ಯ ಡೆಕ್ ಒಂದೂವರೆ ಅಡಿ ಮೀರುವುದು ಕಡಿಮೆ. ಮೂರು ನಾಲ್ಕು ಅಡಿ ಮಿರಮಿರ ಮಿಂಚುವ ಮಹಾಗನಿ ಡೆಕ್ ಇದ್ದರೆ ಬಾಸ್ಟನ್ ಪಕ್ಕದ ಚಾರ್ಲ್ಸ್ ನದಿ ನೆನಪಿಸಿಕೊಳ್ಳಿ. ಅಲ್ಲಿ ನ್ಯೂಟನ್, ವಾಲ್ಥಮ್, ಡೆಡಮ್ ಸುತ್ತ ಹಲವು ಸಣ್ಣ ತಯಾರಕರಿದ್ದರು. ಆಬರ್ನ್‌ಡೇಲ್‌ನ ಜೆ. ಆರ್. ರಾಬರ್ಟ್‌ಸನ್ ಅವರಲ್ಲಿ ಹೆಸರಾದವರು. ಸ್ಕ್ರೂ ರಾಬರ್ಟ್‌ಸನ್‌ಗೂ ಇವರಿಗೂ ಸಂಬಂಧ ಕಲ್ಪಿಸಬೇಡಿ. 1897ರಲ್ಲಿ ಆ ದಂಡೆಯಲ್ಲಿ ನೊರಂಬೆಗಾ ಅನ್ನುವ ಮನರಂಜನಾ ಪಾರ್ಕ್ ತೆರೆದ ಮೇಲೆ ಆ ನದಿಯಲ್ಲಿ ಹುಡುಗ ಹುಡುಗಿಯರ ಕನೂ ಸವಾರಿ ದೊಡ್ಡ ಶೋಕಿಯಾಯಿತು. ದೋಣಿಯಲ್ಲಿ ಮುತ್ತಿಟ್ಟವರಿಗೆ ದಂಡ ಹಾಕುವವರೆಗೂ ಹೋಯಿತು! ಈ ತಯಾರಕರ ದಾಖಲೆ ಸಿಗುವುದು ಕಷ್ಟ. ಇಲ್ಲಿ ಡೆಕ್ಕಿನ ಫಲಕಕ್ಕೆ ಉಳಿದೆಡೆಗಿಂತ ಜಾಸ್ತಿ ಬೆಲೆ. ಉದ್ದ ಡೆಕ್ಕಿನ ದೋಣಿಯನ್ನು ಮೇನ್‌ನವರೂ ಮಾಡಿದ್ದಾರೆ, ಆದ್ದರಿಂದ ಸ್ಟೆಮ್ ನೋಡುವುದನ್ನು ಬಿಡಬೇಡಿ.

ಲಕ್ಷಣ: ಒಂದೊಂದು ಭಾಗ ಒಂದೊಂದು ಕಾಲ ಹೇಳುತ್ತಿದೆ

ಹೆಸರು ಸಿಗದಿದ್ದರೂ ಕಾಲ ಸಿಕ್ಕರೆ ಅರ್ಧ ಕಂಪನಿಗಳನ್ನು ಪಟ್ಟಿಯಿಂದ ಹೊಡೆದುಹಾಕಬಹುದು.

ಗನಲ್ ಮೇಲಿನಿಂದ ನೋಡಿ. ಪಕ್ಕೆಗಳ ತುದಿ ಕಾಣದಂತೆ ಮೇಲೊಂದು ಪಟ್ಟಿ ಮುಚ್ಚಿದ್ದರೆ ಅದು ಹಳೆ ಪದ್ಧತಿ. ಒಳಪಟ್ಟಿ ಹೊರಪಟ್ಟಿಗಳ ನಡುವೆ ಪಕ್ಕೆ ತುದಿಗಳು ಕಾಣುತ್ತಾ, ಮಧ್ಯೆ ಸಂದಿ ಇದ್ದರೆ ಹೊಸ ಪದ್ಧತಿ. 1920ರ ಹೊತ್ತಿಗೆ ಈ ತೆರೆದ ಬಗೆಯೇ ಎಲ್ಲೆಡೆ ರೂಢಿಯಾಗಿತ್ತು. ಮಗುಚಿದರೆ ಸಂದಿಯಿಂದ ನೀರು, ಮರಳು ಹೊರಗೆ ಹೋಗುತ್ತದೆ ಅನ್ನುವುದು ಅದರ ಅನುಕೂಲ.

ಸೀಟಿನ ಬೆತ್ತ ಅಂಚಿನ ತೂತುಗಳಲ್ಲಿ ಕೈಯಿಂದ ನೇಯ್ದದ್ದೋ, ಯಂತ್ರದಲ್ಲಿ ನೇಯ್ದ ಹಾಳೆಯನ್ನು ಮರದಲ್ಲಿ ಕೊರೆದ ತೋಡಿನೊಳಗೆ ಒತ್ತಿ ಕೂರಿಸಿದ್ದೋ ನೋಡಿ. ಮೊದಲನೆಯದು ಹಳೆಯದು. ಫಿಲಿಪ್ಸ್ ಸ್ಕ್ರೂ ಮಾರುಕಟ್ಟೆಗೆ ಬಂದದ್ದೇ 1930ರ ದಶಕದ ಮಧ್ಯದಲ್ಲಿ. 1912ರದ್ದು ಅಂತ ಮಾರಲು ಬಂದ ದೋಣಿಯಲ್ಲಿ ಅದಿದ್ದರೆ ಆ ಭಾಗವನ್ನಾದರೂ ಬದಲಿಸಿದ್ದಾರೆ. ಸೀಟು ತೂಗುವ ಬೋಲ್ಟಿನ ತಲೆ ವಜ್ರದ ಆಕಾರದಲ್ಲಿದ್ದರೆ ಕೆಲವರು ತಕ್ಷಣ ಓಲ್ಡ್ ಟೌನ್ ಅಂದುಬಿಡುತ್ತಾರೆ. ಅವರು ಬಳಸುತ್ತಿದ್ದದ್ದು ನಿಜ, ಆದರೆ ಅದೊಂದೇ ಸಾಲದು.

ನೂರು ವರ್ಷದ ದೋಣಿಗೆ ಗನಲ್, ಸೀಟು, ಡೆಕ್ ಬದಲಾಗಿರುವುದು ಸಹಜ. ಭಾಗಗಳು ಜಗಳ ಆಡಿದರೆ ಪಕ್ಕೆ, ಹಲಗೆ, ಸ್ಟೆಮ್ ಹೇಳಿದ್ದನ್ನು ನಂಬಿ.

ಲಕ್ಷಣ: ಹೊರಮೈ ಫೈಬರ್‌ಗ್ಲಾಸ್

ಕ್ಯಾನ್ವಾಸ್ ಹರಿದಾಗ ಅದನ್ನು ಕಿತ್ತು ಫೈಬರ್‌ಗ್ಲಾಸ್ ಅಂಟಿಸುವ ಚಾಳಿ ಒಂದು ಕಾಲದಲ್ಲಿತ್ತು. ಗುರುತು ಹಚ್ಚಲು ಅದು ಅಡ್ಡಿಯಲ್ಲ, ಯಾಕೆಂದರೆ ಬೇಕಾದ್ದೆಲ್ಲ ಒಳಗಿದೆ. ಹುಡುಕಲು ಅಂತ ಅದನ್ನು ಕೀಳಬೇಡಿ. ಬಿಸಿಗಾಳಿ ಕೊಟ್ಟು ಎಳೆಯುವಾಗ ಸೀಡರ್ ಹಲಗೆ ಸಿಪ್ಪೆ ಸಿಪ್ಪೆಯಾಗಿ ಅದರ ಜೊತೆಗೇ ಬರುತ್ತದೆ, ಹೊಗೆಯೂ ಆರೋಗ್ಯಕ್ಕೆ ಕೆಟ್ಟದ್ದು.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಹೊರಮೈ ಬರ್ಚ್ ಮರದ ತೊಗಟೆಯದ್ದು, ಕೀಲುಗಳನ್ನು ಬೇರಿನಿಂದ ಹೊಲಿದಿದೆ ಅನ್ನಿಸಿದರೆ ಅಲ್ಲೇ ಕೈ ತೆಗೆಯಿರಿ. ಎಣ್ಣೆ, ವಾರ್ನಿಷ್, ನೀರು ಏನೂ ಬೇಡ. ಅದು ಪೆನಾಬ್‌ಸ್ಕಾಟ್‌ನಂಥ ಯಾವುದಾದರೂ ಮೂಲನಿವಾಸಿ ಸಮುದಾಯದ ಕೈಕೆಲಸ ಆಗಿರಬಹುದು. ಕ್ಯಾನ್ವಾಸ್ ಕನೂಗಳ ಆಕಾರ ಹುಟ್ಟಿದ್ದೇ ಅದರಿಂದ. ಅದರಲ್ಲಿ ಸಂಖ್ಯೆ ಹುಡುಕುವುದು ವ್ಯರ್ಥ, ತುದಿಯ ಬಾಗು ಮತ್ತು ಹೊಲಿಗೆ ನೋಡಿ ಬಲ್ಲವರೇ ಹೇಳಬೇಕು. ಪೀಟರ್‌ಬರೋದ ಕೆನೇಡಿಯನ್ ಕನೂ ಮ್ಯೂಸಿಯಂಗೋ ಹತ್ತಿರದ ಸಮುದಾಯದವರಿಗೋ ಮೊದಲು ಪತ್ರ ಬರೆಯಿರಿ.

ಉಳಿದ ದೋಣಿಗಳಿಗೆ, ಸ್ಟೆಮ್ ಎರಡೂ ಕಡೆ ನೋಡಿ, ಬಿಲ್ಲೆಯ ಜಾಗ ನೋಡಿ, ಉದ್ದ ಅಳೆದ ಮೇಲೂ ಹೆಸರು ಸಿಗದಿದ್ದರೆ ವುಡನ್ ಕನೂ ಹೆರಿಟೇಜ್ ಅಸೋಸಿಯೇಷನ್ನಿನವರನ್ನು ಕೇಳುವ ಹೊತ್ತು. ಸುಮ್ನೆ ಇಡೀ ದೋಣಿಯ ಒಂದು ಫೋಟೋ ಕಳಿಸಿದರೆ ಅವರಿಗೂ ಏನೂ ತಿಳಿಯದು. ಪಕ್ಕದಿಂದ ಪೂರ್ತಿ ದೋಣಿ, ಮೇಲಿನಿಂದ ಡೆಕ್, ಡೆಕ್ಕಿನ ಕೆಳಗಿನ ಸ್ಟೆಮ್, ಗನಲ್ ಹತ್ತಿರದಿಂದ, ಸೀಟು ಮತ್ತು ಅದರ ಬೋಲ್ಟ್, ತಳದ ಪಕ್ಕೆಗಳು, ಇಷ್ಟಿರಲಿ. ಪಕ್ಕೆಯ ಅಗಲ, ಪಕ್ಕೆಯಿಂದ ಪಕ್ಕೆಗೆ ಇರುವ ಸಂದಿ, ನಡುವಿನ ಅಗಲ ಮತ್ತು ಆಳವನ್ನು ಇಂಚಿನಲ್ಲಿ ಬರೆಯಿರಿ. ದೋಣಿ ಯಾವ ಊರಲ್ಲಿ ಸಿಕ್ಕಿತು ಅನ್ನುವುದನ್ನೂ ಸೇರಿಸಿ.

ಉತ್ತರ ಬರುವವರೆಗೆ ದೋಣಿಯನ್ನು ಮಳೆ ಬಿಸಿಲಿಗೆ ಬಿಡದೆ, ನೆಲಕ್ಕೆ ತಾಗದಂತೆ, ಗನಲ್ ಕೆಳಗಾಗಿ ಎರಡು ಅಡ್ಡಮರಗಳ ಮೇಲೆ ಮಗುಚಿಡಿ. ಮರಕ್ಕೆ ಅಗಸೆ ಎಣ್ಣೆ ಒರೆಸಿದ ಬಟ್ಟೆ ಏನಾದರೂ ಇದ್ದರೆ ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಪೂರ್ತಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಿ.